ಅಡ್ಡಗೋಲು ಹತ್ತದ ಮರಿಗಳು

ಓದತಕ್ಕ ಭಾಗಗಳು: ಮತ್ತಾಯನ ಸುವಾರ್ತೆ 23ನೆಯ ಅಧ್ಯಾಯ 37ನೆಯ ವಚನ; ಹೋಶೇಯನ ಪುಸ್ತಕ 11ನೆಯ ಅಧ್ಯಾಯ 1ರಿಂದ 4ರ ವರೆಗೆ.



ನಮ್ಮ ಕರ್ತನು ಯೆರೂಸಲೇಮಿನ ನಿಮಿತ್ತ ಮರುಗಿ ಮಾತಾಡಿದಾಗ ಎಂಥ ಹೋಲಿಕೆಯನ್ನು ಆರಿಸಿಕೊಂಡನೆಂಬದನ್ನು ಮೇಲಣ ವಚನದಲ್ಲಿ ಓದಿದಿರಲ್ಲವೇ? ಅರಸನ ಸಿಂಹಾಸನವನ್ನಾಗಲಿ ದಂಡಿನ ಕೋಟೆಯನ್ನಾಗಲಿ ಆತನು ಹೆಸರಿಸಲಿಲ್ಲ. ಹಿತ್ತಲಿನ ಹೇಟೆಕೋಳಿಯನ್ನೂ ಅದರ ರೆಕ್ಕೆಯನ್ನೂ ಹೆಸರಿಸಿದನು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಸೀಮೆಗಳಲ್ಲಿ ಈ ಮಾತನ್ನು ಬಿಡಿಸಿ ಹೇಳುವದಕ್ಕೆ ಪಂಡಿತನು ಬೇಕಾಗಿಲ್ಲ. ಮಳೆ ಬಂದಾಗ ಹೇಟೆಯ ಹೊಟ್ಟೆಯ ಕೆಳಗಿನಿಂದ ಹತ್ತು ಪುಟ್ಟ ಕಾಲುಗಳು ಮಾತ್ರ ಕಾಣುವದನ್ನು ನೋಡದ ಮಗುವು ನಮ್ಮ ಊರುಗಳಲ್ಲಿ ಇಲ್ಲ.

ರೆಕ್ಕೆಯ ವಿಷಯವಾಗಿ ಅನೇಕ ಪ್ರಸಂಗಗಳನ್ನು ಕೇಳಿದ್ದೀರಿ. ರೆಕ್ಕೆಯ ಕಾಲವು ತೀರಿದ ಮೇಲೆ ಏನಾಗುತ್ತದೆಂಬದನ್ನು ಈ ಸಾರಿ ವಿಚಾರಿಸೋಣ. ಯಾಕಂದರೆ ಹೇಟೆಯು ತನ್ನ ಮರಿಗಳನ್ನು ಯಾವಾಗಲೂ ನೆಲದ ಮೇಲೆ ಮುಚ್ಚಿಕೊಂಡು ಕೂತಿರುವದಿಲ್ಲ. ಐದಾರು ವಾರಗಳಾದ ಮೇಲೆ, ಮರಿಗಳಿಗೆ ಗರಿ ಬಲಿತ ಮೇಲೆ, ಒಂದು ಸಾಯಂಕಾಲ ಅದು ಎಂದಿನಂತೆ ಮೂಲೆಯಲ್ಲಿ ಕುಳಿತುಕೊಳ್ಳದೆ ಗೂಡಿನ ಅಡ್ಡಗೋಲಿಗೆ ಹಾರಿಬಿಡುತ್ತದೆ. ಕೆಳಗೆ ಮರಿಗಳು ಕೂಗಾಡುತ್ತವೆ. ಅತ್ತ ಓಡುತ್ತವೆ, ಇತ್ತ ಓಡುತ್ತವೆ. ತಾಯಿ ಇಳಿದು ಬರುವದಿಲ್ಲ. ಆದರೆ ಸುಮ್ಮನೆಯೂ ಇರುವದಿಲ್ಲ. ಮೇಲಿನಿಂದ ಮೆಲ್ಲನೆ ಕೊರಗುಟ್ಟಿ ಕರೆಯುತ್ತಲೇ ಇರುತ್ತದೆ. ಒಂದು ಮರಿ ಹಾರಿ ಬೀಳುತ್ತದೆ, ಇನ್ನೊಂದು ಹಾರಿ ಹಿಡಿದುಕೊಳ್ಳುತ್ತದೆ. ನಾಲ್ಕಾರು ಸಂಜೆಗಳು ಕಳೆಯುವದರೊಳಗೆ ಎಲ್ಲವೂ ಗೋಲಿನ ಮೇಲೆ ತಾಯಿಯ ಎರಡು ಪಕ್ಕಗಳಲ್ಲಿ ಸಾಲಾಗಿ ಕೂತಿರುತ್ತವೆ. ಮುಚ್ಚಿಕೊಂಡದ್ದೂ ತಾಯಿತನವೇ, ಬಿಟ್ಟು ಮೇಲಕ್ಕೆ ಹೋಗಿ ಕರೆದದ್ದೂ ತಾಯಿತನವೇ.

ಹೀಗಿರಲಾಗಿ, ತಾಯಿಯೇ ಇಲ್ಲದ ಮರಿಯ ಗತಿ ಏನು?

ಈಗ ನಮ್ಮ ಹಳ್ಳಿಗಳಲ್ಲಿ ಸಾಕುವ ಕೋಳಿಗಳಲ್ಲಿ ಬಹಳ ಭಾಗವು ಹೇಟೆಯ ಕಾವಿನಿಂದ ಹುಟ್ಟಿದ್ದಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನವರು 1989ರಲ್ಲಿ ಗಿರಿರಾಜ ಎಂಬ ತಳಿಯನ್ನೂ 2005ರಲ್ಲಿ ಸ್ವರ್ಣಧಾರಾ ಎಂಬದನ್ನೂ ಹಿತ್ತಲಿನ ಸಾಕಣೆಗೋಸ್ಕರ ಹೊರಡಿಸಿದರು. ಇವು ಬೇಗ ಬೆಳೆಯುತ್ತವೆ, ನಾಟಿಕೋಳಿಗಿಂತ ಹೆಚ್ಚು ಮೊಟ್ಟೆ ಇಡುತ್ತವೆ. ಇದರಿಂದ ಅನೇಕ ಬಡಮನೆಗಳಿಗೆ ಉಪಕಾರವಾಗಿರುವದು ಸತ್ಯ. ಆದರೆ ಇಂಥ ಮರಿಗಳು ಯಂತ್ರದ ಕಾವಿನಲ್ಲಿ ಒಡೆದು, ರಟ್ಟಿನ ಪೆಟ್ಟಿಗೆಯಲ್ಲಿ ಊರಿಗೆ ಬಂದು, ದೀಪದ ಬಿಸಿಯಲ್ಲಿ ಬೆಳೆಯುತ್ತವೆ. ಬಿಸಿಯುಂಟು, ನೀರುಂಟು, ತೌಡುಂಟು. ಸಾಯಂಕಾಲದಲ್ಲಿ ಮೇಲಕ್ಕೆ ಹಾರಿ ತೋರಿಸಿ ಕರೆಯುವವರು ಮಾತ್ರ ಇಲ್ಲ. ಆದಕಾರಣ ಎರಡು ತಿಂಗಳಾದ ಮೇಲೆಯೂ ಅವು ಬಾಗಿಲ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡು ಮಲಗುತ್ತವೆ. ಗೋಲು ತಲೆಯ ಮೇಲೆಯೇ ಇರುತ್ತದೆ. ಅದು ಏತಕ್ಕೆಂದು ಅವಕ್ಕೆ ತಿಳಿಯದು.

“ಜಾತಿಕೋಳಿಗೆ ಬುದ್ಧಿಯಿಲ್ಲ, ನಾಟಿಯಾದರೆ ತಾನೇ ಹತ್ತುತ್ತಿತ್ತು” ಎಂದು ನಮ್ಮ ಜನರು ಅನ್ನುತ್ತಾರೆ. ಈ ಮಾತು ನ್ಯಾಯವಾದದ್ದಲ್ಲ. ಹೆಗ್ಗಡದೇವನಕೋಟೆಯ ಕಾಕನಕೋಟೆ ಕಾಡಿನ ಅಂಚಿನಲ್ಲಿರುವವರು ಬೂದುಬಣ್ಣದ ಕಾಡುಕೋಳಿಯನ್ನು ನೋಡಿದ್ದೀರಿ. ಕತ್ತಲಾಗುವದಕ್ಕೆ ಮುಂಚೆ ಅದು ಮರಕ್ಕೋ ಬಿದಿರುಮೆಳೆಗೋ ಏರಿಬಿಡುತ್ತದೆ. ನಾವು ಸಾಕುವ ಕೋಳಿಯ ಮೂಲವು ಮುಖ್ಯವಾಗಿ ಕೆಂಪು ಕಾಡುಕೋಳಿಯೇ. ಆದರೂ ಅನೇಕ ಸಾಕುಕೋಳಿಗಳ ಕಾಲಿನ ಹಳದಿ ಬಣ್ಣವು ಈ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ವಿದ್ವಾಂಸರು ಕಂಡುಹಿಡಿದರು. ಗಿರಿರಾಜದ ಮರಿಯಾದರೂ ಮರವೇರುವ ವಂಶದ್ದೇ. ಏರಬೇಕೆಂಬ ಆಶೆಯನ್ನು ಸೃಷ್ಟಿಕರ್ತನು ಅದರೊಳಗೆ ಇಟ್ಟೇ ಇದ್ದಾನೆ. ಆ ಆಶೆಗೆ ದಾರಿ ತೋರಿಸುವವರು ಇರಲಿಲ್ಲ, ಅಷ್ಟೇ.

ಈ ವಿಷಯದಲ್ಲಿ ಸ್ವೀಡನ್ ದೇಶದವರು ಮಾಡಿದ ಎರಡು ಪರೀಕ್ಷೆಗಳು ಗಮನಕ್ಕೆ ಯೋಗ್ಯವಾದವು. 1999ರಲ್ಲಿ ಪ್ರಕಟವಾದ ಒಂದರಲ್ಲಿ, ನಾಲ್ಕನೆಯ ವಾರವು ಕಳೆಯುವದಕ್ಕೆ ಮುಂಚೆ ಗೋಲು ದೊರೆತ ಹಿಂಡುಗಳು ದೊಡ್ಡವಾದ ಮೇಲೆ ನೆಲದ ಮೇಲೆ ಮೊಟ್ಟೆ ಇಡುವದೂ ಒಂದನ್ನೊಂದು ಕುಕ್ಕಿ ಕೊಲ್ಲುವದೂ ಕಡಮೆ ಎಂದು ಕಂಡುಬಂತು. ಮುಂದಿನ ವರುಷ ಪ್ರಕಟವಾದ ಇನ್ನೊಂದರಲ್ಲಿ, ಎಂಟು ವಾರಗಳ ವರೆಗೆ ಗೋಲನ್ನೇ ಕಾಣದೆ ಬೆಳೆದ ಕೋಳಿಗಳ ಮುಂದೆ ಎತ್ತರವಾದ ಅಟ್ಟದ ಮೇಲೆ ತಿಂಡಿಯನ್ನಿಟ್ಟರು. ಅಟ್ಟವು ಎತ್ತರವಾದಷ್ಟೂ ಅವು ಹಿಂದೆ ಬಿದ್ದವು. ಕಾಲಿನ ಬಲವು ಕಡಮೆಯಾದದ್ದರಿಂದ ಅಲ್ಲ, ಎತ್ತರವನ್ನು ಅಳೆದು ಏರುವ ಬುದ್ಧಿಯು ಎಳೆತನದಲ್ಲಿ ಬೆಳೆಯದೆ ಹೋದದ್ದರಿಂದಲೇ ಹೀಗಾಯಿತೆಂದು ಅವರು ತೀರ್ಮಾನಿಸಿದರು. ಸಹೋದರರೇ, ಈ ಮಾತನ್ನು ಮನಸ್ಸಿನಲ್ಲಿಡಿರಿ; ಮುಂದೆ ಇದರ ಉಪಯೋಗವುಂಟು.

ಸಭೆಯ ಪತ್ರಿಕೆಯಲ್ಲಿ ಕೋಳಿಯ ಮಾತು ಏತಕ್ಕೆಂದು ಯಾರಾದರೂ ಕೇಳಬಹುದು. ಆಗಿನ ಸಂಯುಕ್ತ ಪ್ರಾಂತದ ಏಟಾ ಎಂಬ ಊರಿನಲ್ಲಿ ಅಮೇರಿಕಾದ ಪ್ರೆಸ್ಬಿಟೇರಿಯನ್ ಮಿಷನಿನವರು 1912ರಲ್ಲಿಯೇ ಕೋಳಿ ಸಾಕಣೆಯ ಕೇಂದ್ರವನ್ನು ತೆರೆದರು. ತಿರುವಾಂಕೂರಿನ ಮಾರ್ತಾಂಡಮಿನಲ್ಲಿ ವೈ.ಎಂ.ಸಿ.ಎ.ಯವರು 1920ರ ದಶಕದಿಂದ ಜೇನಿನೊಂದಿಗೆ ಕೋಳಿಯನ್ನೂ ಹಳ್ಳಿಯವರಿಗೆ ಕಲಿಸಿದರು. ಬಡವನ ಮನೆಯಲ್ಲಿ ಕೋಳಿ ಎಂದರೆ ಹೆಂಗಸಿನ ಕೈಯ ಹಣವೆಂಬದನ್ನು ಅವರು ತಿಳಿದಿದ್ದರು. ಒಬ್ಬ ವಿಧವೆಗೆ ಆರು ಹೇಟೆಗಳಿವೆಯೆಂದು ಇಟ್ಟುಕೊಳ್ಳಿರಿ. ಅವುಗಳ ಮೊಟ್ಟೆಯಿಂದಲೇ ಮಗನ ಪುಸ್ತಕವೂ ಮನೆಯ ಉಪ್ಪು ಸಾಬೂನೂ ಬರಬೇಕು. ಒಂದೇ ರಾತ್ರಿಯಲ್ಲಿ ನಾಲ್ಕು ಸತ್ತರೆ ಆಕೆಗಾದ ನಷ್ಟವನ್ನು ಯಾವ ಲೆಕ್ಕದ ಪುಸ್ತಕವೂ ತೋರಿಸದು.

ಮತ್ತು ನೆಲದ ಮೇಲೆ ಮಲಗುವ ಕೋಳಿಗೆ ಸಾವು ಅನೇಕ ದಾರಿಗಳಿಂದ ಬರುತ್ತದೆ. ಕಾಡುಬೆಕ್ಕು, ಪುನುಗುಬೆಕ್ಕು, ಹಾವುಗಳನ್ನು ಎಲ್ಲರೂ ಬಲ್ಲಿರಿ. ಹೆಗ್ಗಣವು ಮಲಗಿದ ಮರಿಯ ಕಾಲನ್ನೇ ಕಡಿಯುತ್ತದೆ. ಇವುಗಳಿಗಿಂತ ಮೌನವಾದ ವೈರಿಯು ಹಿಕ್ಕೆಯೇ. ರಾತ್ರಿಯೆಲ್ಲಾ ಒದ್ದೆಯಾದ ಹಿಕ್ಕೆಯ ಮೇಲೆ ಎದೆಯನ್ನಿಟ್ಟು ಮಲಗುವ ಮರಿಯು ಅದರ ಘಾಟನ್ನೇ ಉಸಿರಾಡುತ್ತದೆ. ರಕ್ತಭೇದಿಯ ಬೀಜವೂ ಅದರಲ್ಲಿಯೇ ಇರುತ್ತದೆ. ಕೃಷ್ಣರಾಜನಗರದ ನಾಲೆಯ ಬಯಲುಗಳಲ್ಲಿ ಮಳೆಗಾಲದ ನೆಲವು ಆರುವದೇ ಇಲ್ಲ. ಅಲ್ಲಿ ಭತ್ತದ ಹೊಟ್ಟು ಧಾರಾಳವಾಗಿ ದೊರೆಯುವದರಿಂದ ನಾಲ್ಕು ಬೆರಳು ದಪ್ಪ ಹಾಸಿ, ಕೆದಕಿ, ಆಗಾಗ ಬದಲಾಯಿಸುವದು ಉಚಿತ. ಇದಲ್ಲದೆ, ಚಳಿಯ ರಾತ್ರಿಯಲ್ಲಿ ಮರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಏರುವಾಗ ಕೆಳಗಿನವು ಉಸಿರುಕಟ್ಟಿ ಸಾಯುವದುಂಟು. ಬೆಳಿಗ್ಗೆ ಅವುಗಳ ಮೈಯಲ್ಲಿ ಗಾಯವೇ ಇರುವದಿಲ್ಲ. ಆಗ ಕಣ್ಣು ಬಿತ್ತೆಂದು ಹೇಳುವವರು ನಮ್ಮಲ್ಲಿಯೂ ಇನ್ನೂ ಇದ್ದಾರೆ. ಕಣ್ಣೂ ಅಲ್ಲ, ಮಾಟವೂ ಅಲ್ಲ, ಪ್ರಿಯರೇ, ಮೂಲೆ.

ಈಗ ಗೋಲಿನ ವಿಷಯ. ಎರಡು ಅಂಗುಲ ಅಗಲವಾದ ಮರದ ಪಟ್ಟಿಯನ್ನು ತೆಗೆದುಕೊಂಡು ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿರಿ. ಅಗಲವಿದ್ದರೆ ಕೋಳಿಯು ಪಾದವನ್ನು ಚೆನ್ನಾಗಿ ಊರಿ, ಅದರ ಮೇಲೆಯೇ ಎದೆಯನ್ನಿಟ್ಟು ಮಲಗುತ್ತದೆ. ನುಣುಪಾದ ಬಿದಿರುಗಳುವು ಕಾಲಿಗೆ ಜಾರುತ್ತದೆ; ಕಬ್ಬಿಣದ ಕೊಳವೆಯಂತೂ ಬೇಡವೇ ಬೇಡ. ಮೊದಲನೆಯ ಗೋಲು ನೆಲದಿಂದ ಒಂದು ಗೇಣು, ಎರಡನೆಯದು ಒಂದು ಮೊಳ, ಮೂರನೆಯದು ಒಂದೂವರೆ ಮೊಳ ಎತ್ತರವಿರಲಿ. ಒಂದರ ನೆತ್ತಿಯ ಮೇಲೆ ಇನ್ನೊಂದಿರದೆ, ಮೆಟ್ಟಿಲಿನಂತೆ ಹಿಂದಕ್ಕೆ ಸರಿದಿರಲಿ. ಹಾಗಲ್ಲದಿದ್ದರೆ ಮೇಲಿನವುಗಳ ಹಿಕ್ಕೆಯು ಕೆಳಗಿನವುಗಳ ಬೆನ್ನಿಗೆ ಬೀಳುವದು. ಗೋಡೆಗೂ ಕಡೇ ಗೋಲಿಗೂ ನಡುವೆ ಗೇಣಿಗಿಂತ ಹೆಚ್ಚು ಎಡೆಯಿರಬೇಕು. ಕೋಳಿಯೊಂದಕ್ಕೆ ಎಷ್ಟು ಜಾಗವೆಂದರೆ, ಐರೋಪ್ಯ ಒಕ್ಕೂಟದವರು 1999ರಲ್ಲಿ ಮಾಡಿದ ಕಟ್ಟಳೆಯಲ್ಲಿ ಮೊಟ್ಟೆಕೋಳಿಗೆ 15 ಸೆಂಟಿಮೀಟರ್, ಅಂದರೆ ಆರು ಅಂಗುಲವೆಂದು ಇಟ್ಟಿದ್ದಾರೆ. ದಪ್ಪ ಮೈಯ ಗಿರಿರಾಜಕ್ಕೆ ಎಂಟೊಂಭತ್ತು ಅಂಗುಲವಿದ್ದರೆ ಒಳ್ಳೇದು. ಮೊಟ್ಟೆ ಇಡುವ ಮಕ್ಕರಿಯು ಗೋಲಿಗಿಂತ ಎತ್ತರದಲ್ಲಿರಬಾರದು. ಯಾಕಂದರೆ ಕೋಳಿಯು ಗೂಡಿನೊಳಗೆ ಎಲ್ಲಕ್ಕಿಂತ ಎತ್ತರವಾದ ಸ್ಥಳವನ್ನೇ ರಾತ್ರಿಗೆ ಹುಡುಕುವದು. ಮಕ್ಕರಿಯು ಮೇಲಿದ್ದರೆ ಅದರಲ್ಲಿಯೇ ಮಲಗಿ ಮೊಟ್ಟೆಗಳನ್ನೆಲ್ಲಾ ಹೊಲಸುಮಾಡುವದು. ಮರದ ಬಿರುಕುಗಳಲ್ಲಿ ಹಗಲೆಲ್ಲಾ ಅಡಗಿದ್ದು ರಾತ್ರಿ ಬಂದು ರಕ್ತ ಹೀರುವ ಕೆಂಪು ನುಸಿಗಳಿರುತ್ತವೆ. ಕೆಲವು ಕೋಳಿಗಳು ಹತ್ತುವದನ್ನು ಕಲಿತ ಮೇಲೆಯೂ ಕೆಳಗಿಳಿದು ಮಲಗಿದರೆ ಅವುಗಳನ್ನು ಬೈಯದೆ ಗೋಲನ್ನು ತಿರುಗಿಸಿ ನೋಡಿರಿ. ಬಿರುಕುಗಳಿಗೆ ಬೇವಿನೆಣ್ಣೆ ಸವರಿ, ಗೋಡೆಗೆ ಸುಣ್ಣ ಬಳಿಯತಕ್ಕದ್ದು.

ಮೂರು ನಾಲ್ಕು ವಾರದ ಮರಿಗಳು ಹಗಲಿನಲ್ಲಿ ಗೇಣೆತ್ತರದ ಗೋಲಿನ ಮೇಲೆ ಆಡಲಿ. ಮಕ್ಕಳು ಅದರ ಪಕ್ಕದಲ್ಲಿ ಸೊಪ್ಪಿನ ಕಂತೆಯನ್ನು ಕಟ್ಟಿ ತೂಗಹಾಕಿದರೆ ಸಾಕು, ಅವು ತಾವೇ ಹತ್ತಿ ಇಳಿಯುವವು. ಹಗಲಿನಲ್ಲಿ ಹತ್ತಿದ ಮಾತ್ರಕ್ಕೆ ರಾತ್ರಿ ಹತ್ತುವವೆಂದು ತಿಳಿಯಬೇಡಿರಿ. ರಾತ್ರಿಯ ಪಾಠವು ಬೇರೆ. ಕೋಳಿಗೆ ಮಬ್ಬಿನಲ್ಲಿ ಕಣ್ಣು ಬಹಳ ಮಂದ. ಅಂಗಳದಲ್ಲಿ ಇನ್ನೂ ಬೆಳಕಿರುವಾಗಲೇ ಗೂಡಿನ ಒಳಗೆ ಕತ್ತಲಾಗಿರುತ್ತದೆ. ಕಾಣದ ಗೋಲಿಗೆ ಯಾವ ಮರಿಯೂ ಹಾರದು. ಆದದರಿಂದ ಹೊತ್ತು ಮುಳುಗುವದಕ್ಕೆ ಸ್ವಲ್ಪ ಮುಂಚೆ ಹಿಡಿ ರಾಗಿಯನ್ನೋ ನುಚ್ಚನ್ನೋ ಒಳಗೆ ಚೆಲ್ಲಿ, ದಿನಾಲೂ ಒಂದೇ ಸ್ವರದಿಂದ ಕರೆದು ಸೇರಿಸಿ, ಒಂದು ಸಣ್ಣ ದೀಪವನ್ನು ಸ್ವಲ್ಪ ಹೊತ್ತು ಒಳಗೆ ಬೆಳಗಿಸಿಡಿರಿ. ಅವು ಗುಂಪುಗೂಡುವ ಮೂಲೆಗೆ ಒಂದು ಹಲಗೆಯನ್ನು ಓರೆಯಾಗಿ ನಿಲ್ಲಿಸಿ ಮುಚ್ಚಿಬಿಡಿರಿ. ಸಂಜೆಯಲ್ಲಿ ಮಕ್ಕರಿಗಳ ಬಾಯಿಗೆ ಗೋಣಿತಟ್ಟು ಕಟ್ಟಿರಿ.

ಆಮೇಲೆ ದೀಪವನ್ನು ಆರಿಸಿ, ಅರ್ಧ ಗಂಟೆ ಬಿಟ್ಟು, ಸದ್ದಿಲ್ಲದೆ ಒಳಗೆ ಹೋಗಿರಿ. ಕತ್ತಲೆಯಲ್ಲಿ ಕೋಳಿಯು ಓಡದು, ಒದೆಯದು. ಎರಡು ಕೈಗಳನ್ನೂ ಎದೆಯ ಕೆಳಗೆ ಕೊಟ್ಟು ಒಂದೊಂದಾಗಿ ಎತ್ತಿ ಗೋಲಿನ ಮೇಲಿಡಿರಿ. ಬೆರಳುಗಳು ಮರವನ್ನು ಹಿಡಿಯುವ ತನಕ ಬೆನ್ನಿನ ಮೇಲಿಂದ ಕೈಯನ್ನು ತೆಗೆಯಬೇಡಿರಿ. ಒಂದರ ಪಕ್ಕಕ್ಕೆ ಇನ್ನೊಂದನ್ನು ಮೈತಾಗಿಸಿ ಕೂರಿಸಿರಿ. ಒಂಟಿಯಾಗಿ ಕೂರಿಸಿದ್ದು ಬೇಗ ಹಾರಿಬಿಡುವದು. ಕೆಳಗೆ ಹಾರಿದ್ದನ್ನು ತಿರಿಗಿ ಎತ್ತಿರಿ. ಹತ್ತು ಮರಿಗಳಿಗೆ ಇದು ಕಾಲು ಗಂಟೆಯ ಕೆಲಸ. ಮರುದಿನ ಸಂಜೆ ಅವು ಎಲ್ಲವನ್ನೂ ಮರೆತವರ ಹಾಗೆ ಪುನಃ ನೆಲದಲ್ಲಿಯೇ ಕೂತಿರುವವು, ಪುನಃ ಎತ್ತಿರಿ. ಮೂರನೆಯ ದಿನವೂ ಎತ್ತಿರಿ. ಸಾಮಾನ್ಯವಾಗಿ ಒಂದು ವಾರ ಹತ್ತು ದಿವಸಗಳೊಳಗೆ ಮೂರು ನಾಲ್ಕು ತಾವಾಗಿಯೇ ಏರುವವು. ಅವು ಏರಿದರೆ ಮಿಕ್ಕವು ಹಿಂಬಾಲಿಸುವವು. ಗೋಲು ಬಲ್ಲ ಒಂದು ಹಳೇ ಹೇಟೆಯು ಗೂಡಿನಲ್ಲಿದ್ದರೆ ಕೆಲಸವು ಇನ್ನೂ ಸುಲಭ. ಆದರೆ ಅದನ್ನು ಒಮ್ಮೆಗೇ ಮರಿಗಳ ನಡುವೆ ಬಿಟ್ಟರೆ ಕುಕ್ಕಿ ಗಾಯಪಡಿಸುವದು. ಮೊದಲು ಕೆಲವು ದಿವಸ ಜಾಲರಿಯ ಆಚೆ ಈಚೆ ಇರಿಸಿ ಪರಿಚಯಪಡಿಸಬೇಕು. ಕೊಕ್ಕರೆ ರೋಗದ ಲಸಿಕೆಯಾಗದ ಹೊಸ ಕೋಳಿಯನ್ನು ಸಂತೆಯಿಂದ ತಂದು ಸೇರಿಸುವದು ಮಾತ್ರ ಬುದ್ಧಿಯಲ್ಲ.

ಕೋಲು ಹಿಡಿದು ಅಟ್ಟಿ ಏರಿಸುವವರೂ ಉಂಟು. ಅಟ್ಟಿಸಿಕೊಂಡ ಮರಿಯು ಗೂಡಿಗೇ ಹೆದರುವದು. ಮಾರಣೆ ಸಂಜೆ ಅದು ಬೇಲಿಯ ಸಂದಿಯಲ್ಲಿಯೋ ಹಲಸಿನ ಮರದಲ್ಲಿಯೋ ಮಲಗುವದು.

ಇಲ್ಲಿ ಹೋಶೇಯನ ಪುಸ್ತಕವನ್ನು ತೆರೆದು ನೋಡಿರಿ. ತಪ್ಪಿಹೋದ ಜನಾಂಗದ ವಿಷಯವಾಗಿ ದೇವರು ಆ ಅಧ್ಯಾಯದಲ್ಲಿ ಮಾತಾಡುವ ರೀತಿಯು ನ್ಯಾಯಾಧಿಪತಿಯದಲ್ಲ. ಕೂಸಿಗೆ ನಡೆಯುವದನ್ನು ಕಲಿಸಿ, ತೋಳಿನಲ್ಲಿ ಎತ್ತಿಕೊಂಡವನ ರೀತಿಯದು. ಎತ್ತಿದವನು ಯಾರೆಂದು ಕೂಸಿಗೆ ತಿಳಿಯಲಿಲ್ಲವೆಂದು ಆತನು ದುಃಖಪಡುತ್ತಾನೆ. ಕತ್ತಲೆಯಲ್ಲಿ ಎತ್ತಲ್ಪಟ್ಟ ಮರಿಯೂ ಕೈಯನ್ನು ನೋಡುವದಿಲ್ಲ. ಬೆಳಿಗ್ಗೆ ಗೋಲಿನ ಮೇಲೆ ಕಣ್ಣು ಬಿಟ್ಟು, ತಾನೇ ಏರಿದೆನೆಂಬಂತೆ ರೆಕ್ಕೆ ಬಡಿದು ಇಳಿಯುತ್ತದೆ. ಎತ್ತಿದವರು ಅದಕ್ಕಾಗಿ ಬೇಸರಪಡುವದುಂಟೇ?

ನಮ್ಮ ಸಭೆಗಳಲ್ಲಿ ಇಂಥ ಮರಿಗಳಿಲ್ಲವೋ? ಕಾಫಿ ಹಣ್ಣಿನ ಕೊಯ್ಲು ಬಂದಾಗ ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆಗಳಿಂದ ಎಷ್ಟೋ ತಂದೆತಾಯಿಗಳು ಕೂಲಿಗಾಗಿ ಕೊಡಗಿನ ತೋಟಗಳಿಗೆ ಹೋಗುತ್ತಾರೆ. ಅಜ್ಜಿಯೊಂದಿಗೆ ಉಳಿದ ಹುಡುಗನಿಗೆ ಅನ್ನವುಂಟು, ಹೊದಿಕೆಯುಂಟು. ಸಾಯಂಕಾಲದಲ್ಲಿ ದೀಪದ ಮುಂದೆ ಪುಸ್ತಕ ತೆರೆದು ಕೂತು ತೋರಿಸುವವರು, ಪ್ರಾರ್ಥನೆಗೆ ಹೆಸರು ಹಿಡಿದು ಕರೆಯುವವರು ಯಾರು? ಅವನು ಸಭೆಗೆ ಬಂದರೂ ಬಾಗಿಲ ಬಳಿಯ ಮೂಲೆಯಲ್ಲಿಯೇ ಕೂಡುತ್ತಾನೆ. ಹದಿನಾರು ವರುಷಕ್ಕೆ ಅದನ್ನೂ ಬಿಡುತ್ತಾನೆ. ಆಗ ನಾವು ಹಿರಿಯರು ಕೂಡಿಕೊಂಡು, ಈ ಕಾಲದ ಹುಡುಗರಿಗೆ ಭಯಭಕ್ತಿಯಿಲ್ಲವೆಂದು ತೀರ್ಪು ಹೇಳುತ್ತೇವೆ. ಸ್ವೀಡನಿನವರ ಪರೀಕ್ಷೆಯನ್ನು ನೆನಸಿಕೊಳ್ಳಿರಿ. ಕಾಲಿನಲ್ಲಿ ಬಲವಿತ್ತು, ಎಳೆಯದಾಗಿದ್ದಾಗ ಏರುವದಕ್ಕೆ ಗೋಲಿರಲಿಲ್ಲ. ಊರಲ್ಲಿ ಉಳಿದ ಮನೆಯವರು ತಮ್ಮ ಮಕ್ಕಳೊಂದಿಗೆ ನೆರೆಮನೆಯ ಒಬ್ಬನನ್ನೂ ಸಂಜೆಗೆ ಕರೆದು ಕೂರಿಸಿಕೊಳ್ಳುವದು ಭಾರವಾದ ಕೆಲಸವೇನೂ ಅಲ್ಲ. ಬೇಸರದ ಕೆಲಸವೆಂಬದು ನಿಜ. ನಿನ್ನೆ ಬಂದವನು ಇಂದು ಬರುವದಿಲ್ಲ. ಪುನಃ ಹೋಗಿ ಕರೆಯಬೇಕು, ಕೋಲಿಲ್ಲದೆ.

ಎಲ್ಲಾ ಕೋಳಿಯೂ ಕಡೇ ಗೋಲಿಗೆ ಏರುವದಿಲ್ಲವೆಂಬದನ್ನೂ ಹೇಳಬೇಕು. ಭಾರವಾದ ಗಿರಿರಾಜದ ಹುಂಜವು ಎತ್ತರದಿಂದ ಧುಮುಕಿದರೆ ಪಾದದಲ್ಲಿ ಗಾಯವಾಗಿ ಕೀವು ಕಟ್ಟುವದು, ಎದೆಯೆಲುಬು ಮುರಿಯುವದು. ಅಂಥದ್ದು ಗೇಣೆತ್ತರದ ಗೋಲಿನಲ್ಲಿ ಕೂತರೆ ಅದೇ ಸಾಕು. ಹಿಕ್ಕೆಯಿಂದಲೂ ಮೂಲೆಯಿಂದಲೂ ತಪ್ಪಿಸಿಕೊಂಡಿತಷ್ಟೇ. ಕುಂಟುವದಕ್ಕೂ ಮುದಿಯಾದದ್ದಕ್ಕೂ ಒಂದು ಒಣ ಹುಲ್ಲಿನ ಮಗ್ಗುಲನ್ನು ಬೇರೆ ಮಾಡಿಕೊಡಿರಿ. ಮೇಲೆ ಕೂತವುಗಳಿಗೂ ಬಾಗಿಲೇ ಕಾವಲು. ಪುನುಗುಬೆಕ್ಕಿಗೆ ಏರುವದು ಬಾರದ್ದಲ್ಲ. ಗೋಲನ್ನು ನಂಬಿ ಅಗುಳಿಯನ್ನು ಮರೆಯಬೇಡಿರಿ.

ಕಾಲವನ್ನು ಆರಿಸಿಕೊಳ್ಳಬಲ್ಲವರಿಗೆ ಒಂದು ಮಾತು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪನ್ನು ಬ್ಯಾರನ್ನಿಗೆ ಏರಿಸಿ ಬೇಯಿಸುವ ದಿನಗಳಲ್ಲಿ ಬೆಂಕಿ ನೋಡುವದಕ್ಕಾಗಿ ಮನೆಯಲ್ಲಿ ಒಬ್ಬರು ಹೇಗೂ ಎಚ್ಚರವಾಗಿರುತ್ತಾರೆ. ಆರೇಳು ವಾರದ ಮರಿಗಳು ಆ ರಾತ್ರಿಗಳಿಗೆ ಒದಗುವಂತೆ ತಂದುಕೊಂಡರೆ, ಸೌದೆ ಹಾಕಿ ಬರುವ ದಾರಿಯಲ್ಲಿಯೇ ಗೂಡಿನೊಳಗೆ ಕೈಯಾಡಿಸಿ ನೆಲದಲ್ಲಿ ಉಳಿದವುಗಳನ್ನು ಎತ್ತಿಡಬಹುದು. ಬ್ಯಾರನ್ನಿನ ಗೋಡೆಯ ಬೆಚ್ಚಗಿಗೆ ಆಶೆಪಟ್ಟು ಗೂಡನ್ನು ಅದಕ್ಕೆ ಒತ್ತಿ ಕಟ್ಟುವದು ಬೇಡ, ಬೆಂಕಿಯ ಅಪಾಯವುಂಟು. ಬಾಗಿಲು ಹಾಕುವ ಮುಂಚೆ ತಲೆಗಳನ್ನು ಎಣಿಸಿರಿ. ಎಣಿಕೆಯಲ್ಲಿ ಒಂದು ಕಡಮೆಯಾದರೆ ದೀಪ ತೆಗೆದುಕೊಂಡು ಬೇಲಿಯ ಬುಡದಲ್ಲಿ ಹುಡುಕಿ ತನ್ನಿರಿ.